ಪಡಸಾಲೆಯಲ್ಲಿ ಕಟ್ಟಿದ ಊರು

ಅಬಿದಾಗೆ ಚಿತ್ರ ತೆಗೆಯಲು ಬರುತ್ತಿರಲಿಲ್ಲ. ವಿಜಾಪುರದ ಟ್ರೇನಿಂಗ್ ಕಾಲೇಜಿನಲ್ಲಿ ಗಣಿತ, ಕನ್ನಡ, ಭೂಗೋಳ ಎಲ್ಲದರಲ್ಲೂ ಮೇಲಿನ ಸಾಲಿನಲ್ಲಿ ಪಾಸಾದ ಹುಡುಗಿ ಚಿತ್ರಕಲೆಯಲ್ಲಿ ಮಾತ್ರ ಹೇಗೋ ದಾಟಿಕೊಂಡಿದ್ದಳು. ಅಲ್ಲಿಯ ಮಾಸ್ತರರು ಅವಳು ತೆಗೆದ ಹೂಜಿಯನ್ನು ಬಹಳ ಹೊತ್ತು ನೋಡಿ, "ಇದರಾಗ ನೀರು ನಿಲ್ಲೂದಿಲ್ಲವಾ" ಎಂದಷ್ಟೇ ಹೇಳಿ ಮುಂದಿನ ಬೆಂಚಿಗೆ ಹೋಗಿದ್ದರು.

ಹೀಗಾಗಿ, ಸಾವಿರದೊಂಬೈನೂರ ಐವತ್ತೊಂಬತ್ತರ ಜೂನ್ ತಿಂಗಳಲ್ಲಿ ಅವಳು ಹುಣಸಿದಿನ್ನಿಯ ಕನ್ನಡ ಶಾಲೆಗೆ ಹಾಜರಾದ ದಿನವೇ ಹೆಡ್ ಮಾಸ್ತರ ರಾವಸಾಬರು, "ಮೂರನೇ ಇಯತ್ತೆ ನಿಮಗ. ಅದರ ಚಿತ್ರಕಲಾ ತಾಸೂ ನಿಮಗ" ಎಂದಾಗ ಅವಳು ಏನನ್ನೂ ಮುಚ್ಚಿಡಲಿಲ್ಲ.

"ನನಗ ಚಿತ್ರ ಬರೂದಿಲ್ರಿ ಸರ" ಎಂದಳು.

"ಯಾರಿಗೆ ಬರ್ತೈತ್ರಿ ಬಾಯಾರ? ನನಗೂ ಬರೂದಿಲ್ಲ" ಎಂದರು ರಾವಸಾಬರು. "ಹಲಗಿ ಮ್ಯಾಲ ಒಂದು ಮಾವಿನಹಣ್ಣು ತೆಗೀರಿ. ಹುಡುಗರು ಪಾಟಿ ಮ್ಯಾಲ ಅದನ್ನ ನಕಲು ಮಾಡ್ತಾವ. ಮುಂದಿನ ವಾರ ಒಂದು ಕೊಡ ತೆಗೀರಿ. ಅದರ ಮುಂದಿನ ವಾರ ಮತ್ತ ಮಾವಿನಹಣ್ಣು. ಹಿಂಗ ವರ್ಷ ಮುಗೀತೈತಿ."

ರಾವಸಾಬರು ಐವತ್ತು ದಾಟಿದ ಮನುಷ್ಯ. ತಲೆಗೆ ಬಿಳಿಯ ಪಟಗಾ, ಬೇಸಿಗೆಯಲ್ಲೂ ಬಿಚ್ಚದ ಕರಿ ಕೋಟು, ಮೂಗಿನ ಮೇಲೆ ದುಂಡು ಚಷ್ಮಾ, ಬಲಗೈಯಲ್ಲಿ ಲಕ್ಕಿ ಗಿಡದ ಛಡಿ. ಕೆಟ್ಟವರಲ್ಲ. ಮಕ್ಕಳು ಹೆದರದಿದ್ದರೆ ಮಗ್ಗಿ ಬಾಯಿಗೆ ಬರುವುದಿಲ್ಲ ಎಂದು ಅವರ ಗುರುಗಳು ಅವರಿಗೆ ಹೇಳಿದ್ದರು. ಅವರು ಅದನ್ನು ನಂಬಿದ್ದರು.

ಅಬಿದಾ ಇಂಡಿ ಪಟ್ಟಣದವಳು. ಅಲ್ಲಿಯ ಪೇಟೆಯಲ್ಲಿ ಅವಳ ತಂದೆ ಶಮಶುದ್ದೀನರದು ಬಳೆಗಳ ಅಂಗಡಿ. ಮದುವೆಯಾಗದ ಮಗಳನ್ನು ಹಳ್ಳಿಯ ನೌಕರಿಗೆ ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ಆದರೆ ಹುಣಸಿದಿನ್ನಿಯಲ್ಲಿ ಹೆಂಡತಿಯ ತಂಗಿ ಸೈದಾಬಿ ಇದ್ದಳು. ಗಂಡ ತೀರಿಕೊಂಡ ಮೇಲೆ ಎರಡು ಆಡು ಕಟ್ಟಿಕೊಂಡು ಒಬ್ಬಳೇ ಇದ್ದ ಹೆಂಗಸು. "ಖಾಲಾನ ಮನಿ ಬಿಟ್ಟು ಎಲ್ಲೂ ಹೋಗಬ್ಯಾಡ" ಎಂದು ಹೇಳಿ ಮಗಳನ್ನು ತಾಂಬಾದ ತನಕ ಬಸ್ಸಿನಲ್ಲಿ, ಅಲ್ಲಿಂದ ನಬಿಸಾಬನ ಟಾಂಗಾದಲ್ಲಿ ತಂದು ಬಿಟ್ಟುಹೋಗಿದ್ದರು.

ಮೊದಲ ಚಿತ್ರಕಲಾ ತಾಸಿನಲ್ಲಿ ಅಬಿದಾ ಹೇಳಿದಂತೆ ಮಾಡಿದಳು. ಖಡು ಹಿಡಿದು ಹಲಗೆಯ ಮೇಲೆ ಮಾವಿನಹಣ್ಣು ತೆಗೆದಳು. ತೊಟ್ಟು ಸ್ವಲ್ಪ ದಪ್ಪವಾಯಿತು. ಅದನ್ನು ಸರಿ ಮಾಡಲು ಹೋಗಿ ಹಣ್ಣು ಉದ್ದವಾಯಿತು. ಹಿಂದೆ ಮಕ್ಕಳು ಉಸಿರೂ ಬಿಡದೆ ಕುಳಿತಿದ್ದವು. ಬಾಗಿಲ ಹತ್ತಿರ ಕುಳಿತಿದ್ದ ಲಕ್ಕವ್ವ ಎಂಬ ಹುಡುಗಿ, ಕುರುಬರ ಅಮೋಘಸಿದ್ಧನ ಮಗಳು, ಕೈ ಎತ್ತಿ ಕೇಳಿದಳು:

"ಅಕ್ಕೋರ, ಇದು ಬದನಿಕಾಯೇನ್ರಿ?"

ಅಬಿದಾ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಬದನೆಕಾಯಿಯೇ. ಎಣ್ಣೆಗಾಯಿ ಮಾಡಲು ಲಾಯಕ್ಕಾದ ಬದನೆಕಾಯಿ. ಅವಳಿಗೆ ತಡೆಯಲಾಗದೆ ನಗು ಬಂತು. "ಹೌದವಾ, ಬದನಿಕಾಯಿ ಆಗಿಬಿಟ್ಟೈತಿ" ಎಂದಳು. ಮಕ್ಕಳು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಅಕ್ಕೋರು ನಗುವುದೂ, ತಪ್ಪಾಯಿತು ಎನ್ನುವುದೂ ಅವಕ್ಕೆ ಹೊಸದು. ಆಮೇಲೆ ಇಡೀ ವರ್ಗವೇ ನಕ್ಕಿತು.

"ಹಂಗಾದ್ರ ನೀ ಬಾ, ಮಾವಿನಹಣ್ಣು ತೆಗಿ" ಎಂದು ಖಡು ಮುಂದೆ ಹಿಡಿದರೆ ಲಕ್ಕವ್ವ ಎರಡೂ ಕೈ ಬೆನ್ನ ಹಿಂದೆ ಮಾಡಿಕೊಂಡಳು. "ನನಗ ಬರೂದಿಲ್ರಿ." ಯಾರೂ ಎದ್ದು ಬರಲಿಲ್ಲ. ಹಲಗೆ ಮಾಸ್ತರರದು, ಖಡು ಮಾಸ್ತರರದು. ಅದನ್ನು ಮುಟ್ಟುವುದೆಂದರೆ ದೇವರ ಕೋಣೆಯಲ್ಲಿ ಚಪ್ಪಲಿ ಹಾಕಿಕೊಂಡು ನಡೆದ ಹಾಗೆ ಅವಕ್ಕೆ.

ಆಗ ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಮರುದಿನ ಸಂಜೆ ಅಬಿದಾ ಕೊಡ ಹೊತ್ತು ಬಾವಿಗೆ ಹೊರಟಾಗ, ಅಮೋಘಸಿದ್ಧನ ಮನೆಯ ಕಟ್ಟೆಯ ಮೇಲೆ ಲಕ್ಕವ್ವ ಹಸಿ ಮಣ್ಣು ಮುಂದಿಟ್ಟುಕೊಂಡು ಎತ್ತು ಮಾಡುತ್ತಿದ್ದಳು. ಮುದ್ದೆಯಿಂದ ನಾಲ್ಕು ಕಾಲು ಎಳೆದಳು. ಹೆಬ್ಬೆರಳಿನಿಂದ ಒತ್ತಿ ಬೆನ್ನ ಮೇಲೆ ಇಣಿ ಎಬ್ಬಿಸಿದಳು. ಎರಡು ಬೆರಳಲ್ಲಿ ಚಿವುಟಿ ಕೋಡು ತೆಗೆದಳು. ನೋಡನೋಡುತ್ತ ಎತ್ತು ತಲೆ ತಗ್ಗಿಸಿ, ನೊಗಕ್ಕೆ ಕೊರಳು ಕೊಡಲು ತಯಾರಾಗಿ ನಿಂತಿತು.

ಅಬಿದಾ ಕೊಡ ಕೆಳಗಿಟ್ಟಳು. "ಏನ ನೋಡಿ ಮಾಡ್ತಿಯವಾ ಇದನ್ನ?"

"ಏನೂ ನೋಡೂದಿಲ್ರಿ" ಎಂದಳು ಲಕ್ಕವ್ವ. "ಕೈಗೆ ಗೊತ್ತಿರ್ತೈತ್ರಿ."

ಅಬಿದಾ ಬಾವಿಯ ತನಕ ಅದನ್ನೇ ಯೋಚಿಸುತ್ತ ಹೋದಳು. ಮರುವಾರದ ಚಿತ್ರಕಲಾ ತಾಸಿಗೆ ಹಲಗೆಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು. ಮಕ್ಕಳಿಗೆ ಹಳ್ಳದ ದಂಡೆಯಿಂದ ಎರೆಮಣ್ಣು ತರಲು ಹೇಳಿದ್ದಳು. ಬುಟ್ಟಿಯಲ್ಲಿ, ಸೆರಗಿನಲ್ಲಿ, ಟೋಪಿಯಲ್ಲಿ ತಂದಿದ್ದವು. ಪಾಟಿಗಳೇ ಮಣೆಗಳಾದವು.

ಗದ್ದಲ ಕೇಳಿ ರಾವಸಾಬರು ಬಾಗಿಲಲ್ಲಿ ಬಂದು ನಿಂತರು. "ಬಾಯಾರ, ಇದು ಸಾಲಿನೋ ಕುಂಬಾರರ ಮನಿನೋ?"

"ಕೈಗೆಲಸ ಕಲಿಸಬೇಕಂತ ಸರಕಾರದ ಹುಕುಂ ಐತಲ್ರಿ ಸರ" ಎಂದಳು ಅಬಿದಾ.

"ಟಕಳಿ ತಿರುವಿ ನೂಲು ತೆಗಿಯೂದು ಕೈಗೆಲಸ."

"ಇದೂ ಕೈಲೇ ಮಾಡಾಕತ್ತಾರಲ್ರಿ."

ರಾವಸಾಬರು ಮಣ್ಣಾದ ನೆಲ ನೋಡಿ, "ನೆಲ ನೀವ ಸಾರಿಸಬೇಕು" ಎಂದು ಹೇಳಿ ಹೋದರು. ತಾಸು ಮುಗಿದ ಮೇಲೆ ಅಬಿದಾ ಮಕ್ಕಳ ಜೊತೆ ತಾನೂ ಸೀರೆ ಎತ್ತಿ ಕಟ್ಟಿ ಸಗಣಿ ಸಾರಿಸಿದಳು. ಅದೂ ಮಕ್ಕಳಿಗೆ ಆಟವೇ ಆಯಿತು.

ಅಲ್ಲಿಂದ ಆ ತಾಸಿಗೆ ಬೇರೆಯೇ ಒಂದು ಕಳೆ ಬಂತು. ಅಬಿದಾ ಒಂದೊಂದು ದಿನ ಚೀಲದೊಳಗೆ ಏನನ್ನೋ ಹಾಕಿ ತಂದು, "ನೋಡಬ್ಯಾಡ್ರಿ, ಕೈ ಹಾಕಿ ಮುಟ್ರಿ, ಮುಟ್ಟಿದ್ದನ್ನ ಮಾಡ್ರಿ" ಎನ್ನುವಳು. ಒಳಗೆ ಜೋಳದ ತೆನೆ ಇರುತ್ತಿತ್ತು, ಇಲ್ಲವೇ ಹೀರೆಕಾಯಿ, ಒಮ್ಮೆ ಸೈದಾಬಿಯ ಹಳೆಯ ಬೀಗ. ಮಕ್ಕಳು ಕಣ್ಣು ಮುಚ್ಚಿ, ನಾಲಿಗೆ ಹೊರಗೆ ಹಾಕಿಕೊಂಡು ತಡಕಾಡುವುದನ್ನು ನೋಡುವುದೇ ಒಂದು ಚೆಂದ. ಅವಳೂ ಅವರ ನಡುವೆ ಕುಳಿತು ಮಾಡುವಳು. ಅವಳದೇ ಎಲ್ಲಕ್ಕಿಂತ ಕೆಟ್ಟದಾಗುತ್ತಿತ್ತು. ಅವಳು ಎಮ್ಮೆ ಮಾಡಿದರೆ ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿ, ಒಬ್ಬ ಕೋಡು ಬಗ್ಗಿಸಿ, ಒಬ್ಬಳು ಕೆಚ್ಚಲು ಹಚ್ಚಿ, ರಿಪೇರಿ ಮಾಡಿ ತಿರುಗಿ ಕೊಡುವರು. ತಮಗಿಂತ ದೊಡ್ಡವರಿಗೆ ಕಲಿಸುವ ಅವಕಾಶ ಅವಕ್ಕೆ ಅದುವರೆಗೆ ಸಿಕ್ಕಿರಲೇ ಇಲ್ಲ.

ಮಣ್ಣಿಗೆ ಬಣ್ಣ ಬೇಕಾಯಿತು. ಬಣ್ಣದ ಪೆಟ್ಟಿಗೆ ಇಂಡಿಯಲ್ಲೂ ಸಿಗುತ್ತಿರಲಿಲ್ಲ. ಮಕ್ಕಳು ಮನೆಮನೆ ಹುಡುಕಿದವು. ಕೆಮ್ಮಣ್ಣು ಬಂತು, ಸುಣ್ಣ ಬಂತು, ಒಲೆಯ ಇದ್ದಿಲು ಬಂತು. ಅರಿಶಿನ ತಂದ ಹುಡುಗಿ ಅವ್ವನ ಕೈಲಿ ಬೈಸಿಕೊಂಡಳು. ಬಿಳಿ ಧೋತರಕ್ಕೆ ಹಾಕುವ ನೀಲಿಯನ್ನು ಊರ ಗೌಡರ ಮೊಮ್ಮಗ ಕಾಗದದಲ್ಲಿ ಕಟ್ಟಿ ತಂದ. ಅವರೆ ಎಲೆ ಅರೆದರೆ ಹಸಿರು. ಬೇವಿನ ಕಡ್ಡಿಯ ತುದಿ ಜಗಿದರೆ ಕುಂಚ. ಜಗಿಯುವಾಗ ಇಡೀ ವರ್ಗ ಮುಖ ಕಿವುಚುತ್ತಿತ್ತು, ಒಬ್ಬರೂ ಬೇಡ ಅನ್ನಲಿಲ್ಲ.

ದೀಪಾವಳಿ ರಜೆ ಮುಗಿದ ಮೇಲೆ ಭೂಗೋಳದಲ್ಲಿ 'ನಮ್ಮ ಊರು' ಎಂಬ ಪಾಠ ಬಂತು. ಅಬಿದಾ ಹಲಗೆಯ ಮೇಲೆ ಊರಿನ ನಕ್ಷೆ ತೆಗೆದಳು. ಚೌಕಗಳು, ಗೆರೆಗಳು. ಮಕ್ಕಳಿಗೆ ಒಂದೂ ಅರ್ಥವಾಗಲಿಲ್ಲ. "ಮನಿಗೆ ಬಾಗಿಲಾನ ಇಲ್ಲಲ್ರಿ ಅಕ್ಕೋರ" ಎಂದರು. ಮೇಲಿನಿಂದ ನೋಡಿದರೆ ಬಾಗಿಲು ಕಾಣುವುದಿಲ್ಲ ಎಂದರೆ, "ಮ್ಯಾಲ ಯಾರು ಹೋಗ್ಯಾರ?" ಎಂದರು. ಅದು ಸರಿಯಾದ ಮಾತು ಅನ್ನಿಸಿತು ಅವಳಿಗೆ. ಪುಸ್ತಕ ಮುಚ್ಚಿ ಎಲ್ಲರನ್ನೂ ಸಾಲು ಹಿಡಿಸಿ ಊರ ನಡುವಿನ ಹುಡೆಯ ಕಡೆ ಕರೆದುಕೊಂಡು ಹೊರಟಳು. ಹಿಂದೆ ದಂಡು ಬಂದಾಗ ಕಾಯಲು ಕಟ್ಟಿದ ದುಂಡನೆಯ ಕಲ್ಲಿನ ಬುರುಜು ಅದು. ಮೆಟ್ಟಿಲು ಸವೆದಿದ್ದವು. ಕೈ ಕೈ ಹಿಡಿದು ಹತ್ತಿದರು.

ಮೇಲೆ ಹೋಗಿ ಎಲ್ಲರೂ ಅಂಚಿನ ಗೋಡೆಯಿಂದ ಬಗ್ಗಿ ನೋಡಿದರು. ಕೆಳಗೆ ಊರು ಹಾಸಿಕೊಂಡಿತ್ತು. ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಆತು ನಿಂತಿದ್ದವು. ಒಂದರ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಇನ್ನೊಂದರ ಮೇಲೆ ಶಂಕ್ರೆವ್ವಜ್ಜಿ ಶ್ಯಾವಿಗೆ ಹರವುತ್ತಿದ್ದಳು. ಆಚೆ ಹಳ್ಳ, ಹಳ್ಳದಾಚೆ ಕಣ್ಣು ಹರಿದಷ್ಟು ಜೋಳ, ಕುಸುಬೆ.

"ನಮ್ಮೂರು ಯಾರೋ ಮಾಡಿ ಇಟ್ಟಂಗ ಐತ್ರಿ" ಎಂದ ಗೌಡರ ಮೊಮ್ಮಗ.

"ನಾವೂ ಮಾಡೂಣ್ರಿ ಅಕ್ಕೋರ" ಎಂದಳು ಲಕ್ಕವ್ವ.

ಶಾಲೆಯ ಹಿಂದಿನ ಪಡಸಾಲೆ ಖಾಲಿ ಇತ್ತು. ಮುರಿದ ಬೆಂಚು, ಹಳೆಯ ಟಕಳಿಗಳನ್ನು ಮೂಲೆಗೆ ಸರಿಸಿ ಅಲ್ಲಿ ಊರು ಕಟ್ಟಲು ಶುರು ಮಾಡಿದರು. ಮೊದಲು ಹಳ್ಳ ಹರಿಯಿತು, ನೀಲಿ ಕಲಸಿದ ಸುಣ್ಣದಿಂದ. ಆಮೇಲೆ ಊರ ಅಗಸಿ ಬಾಗಿಲು, ಹುಡೆ, ಗುಡಿ, ಮಸೀದಿ, ಎರಡು ಬಾವಿ. ತಮ್ಮ ತಮ್ಮ ಮನೆಯನ್ನು ತಾವೇ ಮಾಡಬೇಕು ಎಂದಳು ಅಬಿದಾ. ಮಕ್ಕಳು ಸಂಜೆ ಮನೆಗೆ ಹೋಗಿ ಗೋಡೆಯನ್ನು ಮೊದಲ ಸಲ ಕಂಡವರಂತೆ ನೋಡಿದವು. ಎಷ್ಟು ಕಿಂಡಿ, ಮಾಳಿಗೆಯ ಬೆಳಕಿಂಡಿ ಎಲ್ಲಿ, ದನ ಕಟ್ಟುವ ಗೂಟ ಎಡಕ್ಕೋ ಬಲಕ್ಕೋ. ಜೋಳದ ದಂಟಿನ ಒಳಗಿನ ಬೆಂಡಿನಿಂದ ಬಂಡಿ ಮಾಡಿದರು, ಸಿಪ್ಪೆಯನ್ನು ಬಗ್ಗಿಸಿ ಗಾಲಿಗೆ ಸುತ್ತಿದರು. ಕುರಿಗಳಿಗೆ ಅಮೋಘಸಿದ್ಧ ಉಣ್ಣೆಯ ಚೂರು ಕೊಟ್ಟ.

ಸುದ್ದಿ ಊರಿಗೆ ಹಬ್ಬಿತು. ಮೊದಲು ಬಂದವಳು ರಾಮವ್ವ ಎಂಬ ಹೆಂಗಸು. ತನ್ನ ಮಣ್ಣಿನ ಮನೆ ನೋಡಿ, ಹಿತ್ತಲು ನೋಡಿ, "ನಮ್ಮ ಲಿಂಬಿ ಗಿಡ ಎಲ್ಲೈತಿ?" ಎಂದು ಕೇಳಿದಳು. ಮರೆತಿದ್ದರು. ಅವಳ ಎದುರಿಗೇ ನೆಟ್ಟರು. ಕಾಯಿ ಹಚ್ಚುವ ತನಕ ಅವಳು ಕದಲಲಿಲ್ಲ. ನಬಿಸಾಬ ತನ್ನ ಟಾಂಗಾದ ಕುದುರೆ ಇಷ್ಟು ಬಡಕಲಾಗಿಲ್ಲ ಎಂದು ತಕರಾರು ಮಾಡಿದ. ಮರುದಿನ ಕುದುರೆಯನ್ನೇ ಶಾಲೆಯ ಮುಂದೆ ತಂದು ನಿಲ್ಲಿಸಿದ. ಮಕ್ಕಳು ಸುತ್ತು ಹಾಕಿ ನೋಡಿ, ಬಡಕಲೇ ಇದೆ ಎಂದು ತೀರ್ಮಾನ ಮಾಡಿದವು. ಆದರೂ ಅವನ ಮನಸ್ಸಿಗೆ ಹೊಟ್ಟೆಯ ಮೇಲೆ ಸ್ವಲ್ಪ ಮಣ್ಣು ಹೆಚ್ಚಿಗೆ ಮೆತ್ತಿದವು.

ಗುರಣ್ಣಗೌಡರು ರುಮಾಲು ಸುತ್ತಿಕೊಂಡು ಬಂದರು. ತಮ್ಮ ವಾಡೆಯನ್ನು ಕಂಡು ಮೀಸೆ ತಿರುವಿದರು. ಆಮೇಲೆ ಪಕ್ಕದಲ್ಲಿ ಅಮೋಘಸಿದ್ಧನ ಮನೆ ಕಂಡು ಕೈ ಕೆಳಗೆ ಬಿಟ್ಟರು.

"ಬಾಯಾರ, ಎರಡೂ ಒಂದ ಅಳತಿ ಅದಾವಲ್ಲ."

ಗೌಡರ ಮೊಮ್ಮಗನೇ ಉತ್ತರ ಕೊಟ್ಟ. "ಮುತ್ಯಾ, ನಮ್ಮನಿ ದೊಡ್ಡದು ಮಾಡಿದ್ನಿ. ಮಸೀದಿ ಸಂದ್ಯಾಗ ಟಾಂಗಾ ಹೋಗೂದು ಬಂದ್ ಆತು. ನಬಿಸಾಬ ಕಾಕಾ ಹೊಳ್ಳಿ ಹೋಗೂದು ಹ್ಯಾಂಗ? ಅದಕ್ಕ ಸಣ್ಣದು ಮಾಡೇನಿ."

ಗೌಡರು ಬಗ್ಗಿ ಸಂದಿಯನ್ನು ನೋಡಿದರು. ಬೆಂಡಿನ ಟಾಂಗಾವನ್ನು ಎರಡು ಬೆರಳಲ್ಲಿ ಹಿಡಿದು ಸಂದಿಯೊಳಗೆ ಹಾಯಿಸಿದರು. ಎರಡೂ ಕಡೆ ತಾಗದೆ ಸುಮ್ಮನೆ ಹಾದುಹೋಯಿತು. ಇನ್ನೊಮ್ಮೆ ಹಾಯಿಸಿದರು. "ಹೋಗ್ತೈತಿ, ಹೋಗ್ತೈತಿ" ಎಂದರು. ಆ ಸಂಜೆ ಶಾಲೆಗೆ ಎರಡು ಬುಟ್ಟಿ ಒಳ್ಳೆಯ ಮಣ್ಣನ್ನು ಆಳಿನ ಕೈಯಲ್ಲಿ ಕಳಿಸಿದರು.

ಮನೆಗಳಾದ ಮೇಲೆ ಮನುಷ್ಯರು. ಒಬ್ಬೊಬ್ಬರು ತಮಗೆ ಬೇಕಾದವರನ್ನು ಮಾಡಿದರು. ಶಂಕ್ರೆವ್ವಜ್ಜಿ ಮಾಳಿಗೆ ಹತ್ತಿದಳು. ಸೈದಾಬಿ ಆಡಿನ ಹಗ್ಗ ಹಿಡಿದು ಬಾಗಿಲಲ್ಲಿ ನಿಂತಳು. ಒಂದು ಮಧ್ಯಾಹ್ನ ಅಬಿದಾ ನೀರು ಕುಡಿದು ಪಡಸಾಲೆಗೆ ತಿರುಗಿ ಬಂದರೆ, ರಾವಸಾಬರು ಮಣ್ಣಿನ ಶಾಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು. ಅವರ ಅಂಗೈ ಮೇಲೆ ಒಂದು ಗೊಂಬೆ ಇತ್ತು. ಬಿಳಿ ಪಟಗಾ, ಕರಿ ಕೋಟು. ಕೈಯಲ್ಲಿ ಛಡಿ. ಛಡಿ ಗೊಂಬೆಗಿಂತ ಎರಡು ಪಟ್ಟು ಎತ್ತರ. ಶಾಲೆಯ ಮಾಳಿಗೆಯನ್ನೂ ದಾಟಿ ಮೇಲೆ ಹೋಗಿತ್ತು.

ಇದನ್ನು ಅಬಿದಾ ಮೊದಲೇ ನೋಡಿರಲಿಲ್ಲ. ನೋಡಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೂ ಗೊತ್ತಿರಲಿಲ್ಲ.

"ಯಾರು ಮಾಡಿದ್ದು?" ಎಂದು ಕೇಳಿದರು ರಾವಸಾಬರು.

ಲಕ್ಕವ್ವ ಎದ್ದು ನಿಂತಳು. ಮೊಣಕೈ ತನಕ ಮಣ್ಣು.

ರಾವಸಾಬರು ತಮ್ಮ ಛಡಿಯನ್ನು ನೆಲಕ್ಕೆ ಊರಿ, ಅದು ತಮ್ಮ ಸೊಂಟದ ತನಕವೇ ಬರುತ್ತದೆ ಎಂದು ತೋರಿಸಿದರು. "ನೋಡು, ಇಷ್ಟ ಐತಿ. ನೀ ಮಾಡಿದ್ದು ಅಳತಿ ತಪ್ಪೈತಿ."

"ಹಿಡಕೊಂಡವರಿಗೆ ಅಷ್ಟ ಕಾಣ್ತೈತ್ರಿ ಸರ" ಎಂದಳು ಲಕ್ಕವ್ವ. "ನಮಗ ಇಷ್ಟ ಕಾಣ್ತೈತ್ರಿ."

ಉದ್ಧಟತನದ ಮಾತಲ್ಲ ಅದು. ಮನೆಯ ಕಿಂಡಿ ಎಷ್ಟು ಎಂದು ಕೇಳಿದರೆ ಹೇಗೆ ಹೇಳುತ್ತಿದ್ದಳೋ ಹಾಗೇ ಹೇಳಿದಳು. ಅಬಿದಾ ಎರಡು ಹೆಜ್ಜೆ ಮುಂದೆ ಬಂದು ಹುಡುಗಿಯ ಪಕ್ಕದಲ್ಲಿ ನಿಂತಳು. "ಸರ, ಕಂಡದ್ದನ್ನ ಮಾಡ್ರಿ ಅಂತ ನಾನ ಹೇಳೇನ್ರಿ. ಏನರ ಅನ್ನೂದಿದ್ರ ನನಗ ಅನ್ರಿ."

ರಾವಸಾಬರು ಗೊಂಬೆಯನ್ನು ಮೊದಲು ಇದ್ದ ಜಾಗದಲ್ಲೇ, ಮೊದಲು ಇದ್ದ ಮುಖದ ದಿಕ್ಕಿಗೇ ಇಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು ಹೊರಗೆ ಹೋದರು.

ಆ ದಿನ ಅಬಿದಾಗೆ ಊಟ ಸೇರಲಿಲ್ಲ. "ಬ್ಯಾರೆ ಊರಿಗೆ ಬದಲಿ ಮಾಡಿಸ್ತಾರೇನೋ ಖಾಲಾ" ಎಂದಳು. ಸೈದಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಮಾಡಿಸಿದ್ರ ಮಾಡಿಸ್ಲಿ. ಆ ಹುಡುಗಿನ್ನ ಹೊಡದ್ರ ಮಾತ್ರ ನಾ ಸಾಲಿಗೆ ಬರ್ತೇನಿ" ಎಂದಳು. ಸೈದಾಬಿ ಬಂದರೆ ಏನಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಅಬಿದಾಗೆ ಅಷ್ಟು ಚಿಂತೆಯಲ್ಲೂ ನಗು ಬಂತು.

ಮರುದಿನ ಪ್ರಾರ್ಥನೆ ಮುಗಿಯುತ್ತಲೇ ರಾವಸಾಬರು ಪಡಸಾಲೆಗೆ ಬಂದರು. ಲಕ್ಕವ್ವನನ್ನು ಕರೆದರು. ಅಬಿದಾ ಸಂಗಡವೇ ಬಂದಳು.

"ನಿನ್ನಿ ನೋಡಿ ಹೋದಮ್ಯಾಲ ನನಗ ಒಂದು ನೆನಪಾತು" ಎಂದರು ರಾವಸಾಬರು. "ನನ್ನ ಚಷ್ಮಾ ಎಲ್ಲೈತಿ?"

ಲಕ್ಕವ್ವ ಗೊಂಬೆಯನ್ನು ನೋಡಿದಳು, ಮಾಸ್ತರರನ್ನು ನೋಡಿದಳು. "ಮರತೇನ್ರಿ."

"ಮಾಡು ಮತ್ತ. ಚಷ್ಮಾ ಇಲ್ಲದ ನನಗ ಓದಾಕ ಬರೂದಿಲ್ಲ, ಅಲ್ಲಿ ಹುಡುಗರಿಗೆ ಏನ ಕಲಿಸಲಿ?"

ಮಕ್ಕಳು ನಗಬೇಕೋ ಬೇಡವೋ ಎಂದು ಅಬಿದಾಳ ಮುಖ ನೋಡಿದವು. ಅವಳು ನಕ್ಕಳು. ಅವೂ ನಕ್ಕವು. ಅಬಿದಾ ತನ್ನ ಜಡೆಯ ಪಿನ್ನೊಂದನ್ನು ತೆಗೆದು ಕೊಟ್ಟಳು. ಲಕ್ಕವ್ವ ಅದನ್ನು ಬೇವಿನ ಕಡ್ಡಿಗೆ ಸುತ್ತಿ ಎರಡು ದುಂಡು ಮಾಡಿ ಗೊಂಬೆಯ ಮೂಗಿನ ಮೇಲೆ ಕೂರಿಸಿದಳು. ರಾವಸಾಬರು ಬಗ್ಗಿ ನೋಡಿ, "ಹಾಂ, ಈಗ ನಾನ" ಎಂದರು. ಛಡಿಯ ವಿಷಯ ಎತ್ತಲಿಲ್ಲ. ಅದು ಮಾಳಿಗೆ ದಾಟಿಕೊಂಡು ಹಾಗೇ ನಿಂತಿತ್ತು.

ಅವರ ಕೈಯ ಛಡಿಯೂ ಒಮ್ಮೆಲೇ ಮಾಯವಾಗಲಿಲ್ಲ. ಮಗ್ಗಿಯ ತಾಸಿಗೆ ಬರುತ್ತಿತ್ತು. ಆದರೆ ಪಡಸಾಲೆಗೆ ಬರುವಾಗ ಅದನ್ನು ಹೊರಗೆ ಬಾಗಿಲ ಪಕ್ಕ ಆನಿಸಿ ಬರತೊಡಗಿದರು, ಚಪ್ಪಲಿ ಬಿಟ್ಟು ಬರುವ ಹಾಗೆ. ದಿನ ಹೋದಂತೆ ಒಮ್ಮೊಮ್ಮೆ ಅಲ್ಲೇ ಮರೆತು ಮುಂದಿನ ವರ್ಗಕ್ಕೆ ಹೋಗಿಬಿಡುತ್ತಿದ್ದರು. ಅದನ್ನು ಒಯ್ದು ಕೊಡುವ ಅವಸರ ಯಾವ ಹುಡುಗನಿಗೂ ಇರಲಿಲ್ಲ.

ಕುಸುಬೆ ಹೂ ಬಿಟ್ಟ ಕಾಲಕ್ಕೆ ಊರು ಪೂರ್ತಿಯಾಯಿತು. ಹಳ್ಳದಾಚೆಯ ಹೊಲಕ್ಕೆಲ್ಲ ನಿಜವಾದ ಕುಸುಬೆಯ ಎಸಳನ್ನೇ ಉದುರಿಸಿ ಹಳದಿ, ಕೇಸರಿ ಮಾಡಿದರು. ಜನವರಿ ಇಪ್ಪತ್ತಾರರ ಝೆಂಡಾ ಏರಿಸಿದ ಮೇಲೆ ಊರವರಿಗೆಲ್ಲ ತೋರಿಸುವುದೆಂದು ರಾವಸಾಬರೇ ಡಂಗುರ ಸಾರಿಸಿದರು.

ಹಿಂದಿನ ದಿನ ಸಂಜೆ ಲಕ್ಕವ್ವ ಊರನ್ನು ಸುತ್ತುಹಾಕಿ ನೋಡುತ್ತಿದ್ದವಳು ತಟ್ಟನೆ ನಿಂತಳು. "ಅಕ್ಕೋರ, ನೀವ ಎಲ್ಲಿ ಅದೀರಿ?"

ಎಲ್ಲರೂ ಹುಡುಕಿದರು. ಅಕ್ಕೋರು ಎಲ್ಲೂ ಇರಲಿಲ್ಲ. ಇನ್ನೊಬ್ಬರು ಮಾಡಿರುತ್ತಾರೆ ಎಂದು ಪ್ರತಿಯೊಬ್ಬರೂ ತಿಳಿದಿದ್ದರು.

"ಇರಲಿ ಬಿಡ್ರಿ" ಎಂದಳು ಅಬಿದಾ. "ನಾ ಈ ಊರಾಕಿ ಅಲ್ಲಲ್ಲ. ಇಂಡಿಯಾಕಿ. ಖಾಲಾ ಅದಾಳ, ಸಾಕು." ಸಹಜವಾಗಿಯೇ ಹೇಳಿದಳು. ಆದರೂ ಬಾಗಿಲು ಹಾಕಿಕೊಂಡು ಮನೆಗೆ ಹೋಗುವಾಗ, ತನಗೆ ಅಷ್ಟು ಹೊತ್ತಿಗೆ ಊರಿನ ಒಂದೊಂದು ಕಿಂಡಿಯೂ ಬಾಯಿಪಾಠ ಆಗಿದೆಯಲ್ಲ ಎಂದು ಅನ್ನಿಸಿ ಮನಸ್ಸು ಸ್ವಲ್ಪ ಭಾರವಾಯಿತು.

ಬೆಳಿಗ್ಗೆ ಝೆಂಡಾ ಏರಿತು. ಜನ ಪಡಸಾಲೆಯ ಕಡೆ ನಡೆದರು. ಮುಂದೆ ಗೌಡರು, ಹಿಂದೆ ನಬಿಸಾಬ, ರಾಮವ್ವ, ಅಮೋಘಸಿದ್ಧ, ತಲೆಯ ಮೇಲೆ ಸೆರಗು ಹೊದ್ದ ಸೈದಾಬಿ. ಅಬಿದಾ ಬಾಗಿಲು ತೆಗೆದು ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು.

ಅಗಸಿ ಬಾಗಿಲಲ್ಲಿ ಕೆಂಪು ಸೀರೆಯ ಅಕ್ಕೋರು ನಿಂತಿದ್ದರು. ಬಾವಿಯ ಹತ್ತಿರ ಕೊಡ ಹೊತ್ತ ಅಕ್ಕೋರು. ಗೌಡರ ವಾಡೆಯ ಮಾಳಿಗೆಯ ಮೇಲೆ ಒಬ್ಬಳು, ಶಂಕ್ರೆವ್ವಜ್ಜಿಯ ಪಕ್ಕ ಶ್ಯಾವಿಗೆ ಹರವುತ್ತ ಒಬ್ಬಳು. ನಬಿಸಾಬನ ಟಾಂಗಾದಲ್ಲಿ, ಮಸೀದಿಯ ಸಂದಿಯಲ್ಲಿ, ಹುಡೆಯ ತುದಿಯಲ್ಲಿ, ಕುರಿಗಳ ನಡುವೆ, ಕುಸುಬೆ ಹೊಲದಲ್ಲಿ. ಒಬ್ಬಳು ಸೀರೆ ಎತ್ತಿ ಕಟ್ಟಿ ನೆಲ ಸಾರಿಸುತ್ತಿದ್ದಳು. ಯಾರಿಗೂ ಹೇಳದೆ ಪ್ರತಿಯೊಂದು ಮಗುವೂ ಒಂದೊಂದು ಮಾಡಿ, ನಸುಕಿನಲ್ಲೇ ಕಿಟಕಿಯಿಂದ ಒಳಗೆ ಇಳಿದು ತಂದಿಟ್ಟು ಹೋಗಿತ್ತು. ಇನ್ನೊಬ್ಬರದನ್ನು ನೋಡಿ ತಮ್ಮದನ್ನು ತೆಗೆಯಲು ಯಾರೂ ಒಪ್ಪಿರಲಿಲ್ಲ.

"ಅಯ್ಯ ಶಿವನ" ಎಂದಳು ರಾಮವ್ವ. "ಊರತುಂಬ ಅಕ್ಕೋರ ಅದಾರಲ್ಲ. ನಾವು ಎಲ್ಲಿ ಇರೂದು?"

ಜನರೆಲ್ಲ ನಕ್ಕರು. ಗೌಡರು ತಮ್ಮ ಮಾಳಿಗೆಯ ಅಕ್ಕೋರನ್ನು ನೋಡಿ, "ಇರಲಿ, ಜಾಗಾ ಐತಿ" ಎಂದರು. ಸೈದಾಬಿ ಒಂದೊಂದನ್ನೂ ಬಗ್ಗಿ ನೋಡಿ, ಮೂಗು ಯಾರದು ಸರಿಯಾಗಿದೆ ಎಂದು ಮಕ್ಕಳ ಜೊತೆ ವಾದಕ್ಕೆ ನಿಂತಳು. ಅಬಿದಾ ಸೆರಗಿನಿಂದ ಕಣ್ಣು ಒರೆಸಿಕೊಂಡು, ಕುಸುಬೆ ಹೊಲದಲ್ಲಿ ಕೈ ಬೀಸಿ ನಡೆಯುತ್ತಿದ್ದ ತನ್ನನ್ನು ತಾನೇ ಎತ್ತಿಕೊಂಡಳು. ಮಣ್ಣು ಇನ್ನೂ ಹಸಿ ಇತ್ತು. ಹಿಡಿದಲ್ಲಿ ಅವಳ ಬೆರಳಿನ ಗುರುತು ಮೂಡಿತು.

"ಅಕ್ಕೋರ, ಸಾವಕಾಶ ಹಿಡೀರಿ" ಎಂದ ಅದನ್ನು ಮಾಡಿದ ಹುಡುಗ. "ನೀವು ಇನ್ನಾ ಒಣಗಿಲ್ಲ."